ನಡಿಗೆಯ ಪಂದ್ಯ

ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯ ಉದ್ದ 50 ಕಿಲೋಮೀಟರಿಗೆ ತುಸು ಕಡಮೆ. ದೇವದುರ್ಗಕ್ಕೆ ಹೋಗುವ ದಾರಿ ಅದಕ್ಕಿಂತ ತುಸು ಹೆಚ್ಚು. ಮೋಟಾರು ಬಾರದಿದ್ದ ಕಾಲದಲ್ಲಿ ಇಂತಹ ದಾರಿಯನ್ನು ಜನ ಹರದಾರಿಯ ಲೆಕ್ಕದಲ್ಲಿ ಅಳೆಯುತ್ತಿದ್ದರು. ಬುತ್ತಿ ಕಟ್ಟಿಕೊಂಡು ಕೋಳಿ ಕೂಗುವ ಹೊತ್ತಿಗೆ ಊರು ಬಿಟ್ಟವನು, ನಡುವೆ ಹಳ್ಳದ ದಂಡೆಯಲ್ಲಿಯೋ ಬೇವಿನ ಮರದ ನೆರಳಿನಲ್ಲಿಯೋ ದಣಿವಾರಿಸಿಕೊಂಡು, ದೀಪ ಹಚ್ಚುವ ವೇಳೆಗೆ ಇನ್ನೊಂದು ಊರನ್ನು ಸೇರಿದನೆಂದರೆ ಗಟ್ಟಿ ಕಾಲಿನ ಮನುಷ್ಯನೆಂದು ಎಲ್ಲರೂ ಅವನನ್ನು ಮೆಚ್ಚುತ್ತಿದ್ದರು. 2014ನೆಯ ಇಸವಿಯ ಆಗಸ್ಟ್ 15ರಂದು ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್ಪಿನಲ್ಲಿ ಫ್ರಾನ್ಸ್ ದೇಶದ ಯೊಹಾನ್ ದಿನಿಜ್ ಎಂಬ ಕ್ರೀಡಾಪಟು 50 ಕಿಲೋಮೀಟರು ದೂರವನ್ನು 3 ಗಂಟೆ 32 ನಿಮಿಷ 33 ಸೆಕೆಂಡುಗಳಲ್ಲಿ ಕ್ರಮಿಸಿದರು. ಓಡಿ ಅಲ್ಲ, ನಡೆದು. ಬೆಳಗಿನ ಆರು ಗಂಟೆಗೆ ರಾಯಚೂರಿನ ಕೋಟೆಯ ಬಾಗಿಲನ್ನು ಬಿಟ್ಟವನು ಒಂಬತ್ತೂವರೆಯ ಹೊತ್ತಿಗೆ ಮಾನ್ವಿಯನ್ನು ದಾಟಿ ಮುಂದೆ ಹೋಗಿದ್ದರೆ ಎಷ್ಟು ವೇಗವೋ ಅಷ್ಟು ವೇಗದ ನಡಿಗೆ ಅದು.

ವೇಗನಡಿಗೆ ಎಂಬುದು ಒಂದು ಕ್ರೀಡೆ. ಅದಕ್ಕೆ ನಿಯಮಗಳಿವೆ, ತೀರ್ಪುಗಾರರಿದ್ದಾರೆ, ಒಲಿಂಪಿಕ್ ಪದಕಗಳಿವೆ. ಆದರೂ ಅದನ್ನು ಮೊದಲ ಸಲ ನೋಡಿದವರಿಗೆ ಸಾಮಾನ್ಯವಾಗಿ ಬರುವುದು ಬೆರಗಲ್ಲ, ನಗು. ಮೊಣಕೈಗಳನ್ನು ಮಡಿಸಿ, ಸೊಂಟವನ್ನು ಎಡಕ್ಕೂ ಬಲಕ್ಕೂ ತಿರುಗಿಸುತ್ತ, ಕಾಲುಗಳನ್ನು ಕೋಲಿನಂತೆ ನೆಟ್ಟಗೆ ಚಾಚುತ್ತ ಸಾಗುವ ಆ ಭಂಗಿ ಬಾತುಕೋಳಿಯನ್ನು ನೆನಪಿಗೆ ತರುತ್ತದೆಂದು ಹೇಳುವವರುಂಟು. ಓಡಲಾರದವರು ನಡೆಯುತ್ತಾರೆ ಎಂದು ಮೂದಲಿಸುವವರೂ ಉಂಟು. ಈ ಅಭಿಪ್ರಾಯ ಒಂದು ಊರಿನದಲ್ಲ, ಒಂದು ದೇಶದ್ದೂ ಅಲ್ಲ. ಈ ಕ್ರೀಡೆ ಹುಟ್ಟಿ ಬೆಳೆದ ಇಂಗ್ಲೆಂಡಿನಲ್ಲಿಯೂ ನಡಿಗೆಯವರು ಇಂತಹ ಮಾತುಗಳನ್ನು ಕೇಳುತ್ತಲೇ ಬಂದಿದ್ದಾರೆ.

ರಾಯಚೂರು ಜಿಲ್ಲೆಯ ಮಟ್ಟಿಗೆ ಈ ನಗು ಒಂದು ವಿಚಿತ್ರವೆಂದೇ ಹೇಳಬೇಕು. ಏಕೆಂದರೆ ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಈ ನೆಲದಲ್ಲಿ ನಡಿಗೆಗೆ ಇರುವಷ್ಟು ಗೌರವ ಬೇರೆಡೆ ದೊರೆಯುವುದು ಅಪರೂಪ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ ಹುಟ್ಟಿದ ವಿಜಯದಾಸರು, ಮಾನ್ವಿಯಲ್ಲಿ ನೆಲಸಿ ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರು ಮೊದಲಾದವರ ದಾಸಪರಂಪರೆಯೇ ಕಾಲಿಗೆ ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು, ಊರಿಂದೂರಿಗೆ ನಡೆದ ಪರಂಪರೆ. ಇಂದಿಗೂ ಯುಗಾದಿ ಹತ್ತಿರವಾಯಿತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಭಕ್ತರು ತಂಡತಂಡವಾಗಿ ಈ ಜಿಲ್ಲೆಯ ಮೂಲಕ ಶ್ರೀಶೈಲಕ್ಕೆ ನಡೆದುಹೋಗುತ್ತಾರೆ. ಮಂತ್ರಾಲಯಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಹರಕೆ ಹೊತ್ತವರಿಗೂ ಕೊರತೆಯಿಲ್ಲ. ಹಾದಿಯುದ್ದಕ್ಕೂ ಜನ ಚಪ್ಪರ ಹಾಕಿ ನೀರು, ಮಜ್ಜಿಗೆ, ಅನ್ನ ನೀಡುತ್ತಾರೆ. ನಡೆದು ಬೊಬ್ಬೆ ಎದ್ದ ಪಾದಗಳಿಗೆ ಎಣ್ಣೆ ತಿಕ್ಕುವುದನ್ನು ಪುಣ್ಯವೆಂದು ಭಾವಿಸುತ್ತಾರೆ. ಶ್ರೀಶೈಲದ ಹಾದಿಯಲ್ಲಿ ಮರಗಾಲು ಕಟ್ಟಿಕೊಂಡು ನಡೆಯುವ ಭಕ್ತರೂ ಇರುತ್ತಾರೆ. ಅವರ ನಡಿಗೆ ಸಹಜವಾದ ನಡಿಗೆಯಲ್ಲ. ಆದರೂ ಅದನ್ನು ಕಂಡು ನಕ್ಕವರಿಲ್ಲ, ಕೈಮುಗಿದವರೇ ಎಲ್ಲ. ಹಾಗಾದರೆ ಜನರನ್ನು ನಗಿಸುವುದು ನಡಿಗೆಯ ವೈಚಿತ್ರ್ಯವಲ್ಲ. ನಡಿಗೆಯ ಉದ್ದೇಶ ತಿಳಿದಿದ್ದರೆ ಗೌರವ ತಾನಾಗಿ ಬರುತ್ತದೆ. ತಿಳಿಯದಿದ್ದರೆ ಅದೇ ನಡಿಗೆ ಅಣಕದ ವಸ್ತುವಾಗುತ್ತದೆ.

ಆದುದರಿಂದ ಈ ಕ್ರೀಡಾಪಟುಗಳು ಹಾಗೇಕೆ ನಡೆಯುತ್ತಾರೆ ಎಂಬುದನ್ನು ಮೊದಲು ತಿಳಿಯುವುದು ಒಳಿತು. ವೇಗನಡಿಗೆಗೆ ಮುಖ್ಯವಾದ ನಿಯಮಗಳು ಎರಡೇ. ಮೊದಲನೆಯದು, ಯಾವುದಾದರೂ ಒಂದು ಪಾದ ಸದಾ ನೆಲವನ್ನು ಮುಟ್ಟಿರಬೇಕು. ಎರಡು ಪಾದಗಳೂ ಒಮ್ಮೆಗೇ ನೆಲದಿಂದ ಮೇಲಿರುವುದು ಮನುಷ್ಯನ ಕಣ್ಣಿಗೆ ಕಾಣಬಾರದು. ಎರಡನೆಯದು, ಮುಂದಿಟ್ಟ ಕಾಲು ನೆಲವನ್ನು ಮುಟ್ಟಿದ ಕ್ಷಣದಿಂದ ಮೈ ಅದರ ಮೇಲೆ ನೆಟ್ಟಗೆ ನಿಲ್ಲುವವರೆಗೆ ಮಂಡಿ ಬಾಗಬಾರದು. ಹಿಂದೆ ಈ ಎರಡನೆಯ ನಿಯಮ ಇಷ್ಟು ಬಿಗಿಯಾಗಿರಲಿಲ್ಲ. ಮೈ ಕಾಲಿನ ಮೇಲೆ ನೆಟ್ಟಗೆ ಬಂದಾಗ ಒಂದು ಕ್ಷಣ ಕಾಲು ನೇರವಾಗಿದ್ದರೆ ಸಾಕಾಗಿತ್ತು. 1995ರಲ್ಲಿ ಇದನ್ನು ಬಿಗಿಗೊಳಿಸಲಾಯಿತು. ಓಟಕ್ಕೂ ನಡಿಗೆಗೂ ಇರುವ ಭೇದವೆಲ್ಲ ಈ ಎರಡು ನಿಯಮಗಳಲ್ಲಿ ಅಡಗಿದೆ. ಓಡುವವನು ಪ್ರತಿ ಹೆಜ್ಜೆಗೂ ಚಿಕ್ಕದೊಂದು ನೆಗೆತ ನೆಗೆಯುತ್ತಾನೆ; ಬಾಗಿದ ಮಂಡಿ ಅವನಿಗೆ ಸ್ಪ್ರಿಂಗಿನಂತೆ ನೆರವಾಗುತ್ತದೆ. ನಡೆಯುವವನಿಗೆ ಆ ನೆಗೆತವೂ ಇಲ್ಲ, ಆ ಸ್ಪ್ರಿಂಗೂ ಇಲ್ಲ.

ಸಾಮಾನ್ಯ ಮನುಷ್ಯನು ಗಂಟೆಗೆ ಸುಮಾರು 5 ಕಿಲೋಮೀಟರು ವೇಗದಲ್ಲಿ ನಡೆಯುತ್ತಾನೆ. ಅವಸರ ಹೆಚ್ಚಾಗಿ ಗಂಟೆಗೆ 7 ಕಿಲೋಮೀಟರಿನ ಆಚೀಚೆಗೆ ಬಂದಾಗ ಅವನಿಗೆ ಅರಿವಿಲ್ಲದೆಯೇ ಓಟ ಆರಂಭವಾಗಿಬಿಡುತ್ತದೆ. ಇದಕ್ಕೆ ಕಾರಣ ಭೌತಶಾಸ್ತ್ರದಲ್ಲಿದೆ. ನಡೆಯುವಾಗ ನೆಲಕ್ಕೆ ಊರಿದ ಕಾಲು ತಲೆಕೆಳಗಾದ ಲೋಲಕದಂತೆ ವರ್ತಿಸುತ್ತದೆ. ಅದರ ತುದಿಯಲ್ಲಿರುವ ಮೈ ಒಂದು ಕಮಾನಿನ ಹಾದಿಯಲ್ಲಿ ಏರಿ ಇಳಿಯುತ್ತದೆ. ಕಮಾನಿನ ಹಾದಿಯಲ್ಲಿ ಚಲಿಸುವ ವಸ್ತುವನ್ನು ಆ ಹಾದಿಯಲ್ಲಿಯೇ ಹಿಡಿದಿಡಲು ಕೇಂದ್ರದ ಕಡೆಗೆ ಎಳೆಯುವ ಬಲವೊಂದು ಬೇಕು. ಇಲ್ಲಿ ಆ ಬಲವನ್ನು ಒದಗಿಸುವುದು ಭೂಮಿಯ ಗುರುತ್ವಾಕರ್ಷಣೆ ಮಾತ್ರ. ವೇಗ ಹೆಚ್ಚಿದಂತೆ ಬೇಕಾದ ಬಲವೂ ಹೆಚ್ಚುತ್ತದೆ, ಆದರೆ ಗುರುತ್ವಾಕರ್ಷಣೆ ಹೆಚ್ಚುವುದಿಲ್ಲ. 90 ಸೆಂಟಿಮೀಟರು ಉದ್ದದ ಕಾಲುಳ್ಳವನಿಗೆ ಈ ಲೆಕ್ಕದಂತೆ ಗಂಟೆಗೆ ಹತ್ತೂವರೆ ಕಿಲೋಮೀಟರಿನ ಸುಮಾರಿಗೆ ನಡಿಗೆಯ ಮಿತಿ ಮುಗಿದುಹೋಗಬೇಕು. ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಅವನ ಪಾದ ನೆಲವನ್ನು ಬಿಟ್ಟೇ ಬಿಡಬೇಕು. ಆದರೆ ಜಪಾನಿನ ತೊಶಿಕಾಜು ಯಮಾನಿಶಿ ಅವರು 2025ರ ಫೆಬ್ರವರಿಯಲ್ಲಿ ಕೋಬೆ ನಗರದಲ್ಲಿ 20 ಕಿಲೋಮೀಟರನ್ನು 1 ಗಂಟೆ 16 ನಿಮಿಷ 10 ಸೆಕೆಂಡುಗಳಲ್ಲಿ ನಡೆದು ವಿಶ್ವದಾಖಲೆ ಸ್ಥಾಪಿಸಿದರು. ಗಂಟೆಗೆ ಹದಿನೈದೂಮುಕ್ಕಾಲು ಕಿಲೋಮೀಟರು ವೇಗ!

ಲೆಕ್ಕಕ್ಕೆ ಸಿಕ್ಕದ ಈ ವೇಗದ ಗುಟ್ಟು ಇರುವುದು, ನೋಡುವವರನ್ನು ನಗಿಸುವ ಆ ಸೊಂಟದಲ್ಲಿಯೇ. ಕಾಲು ಮುಂದೆ ಚಾಚುವಾಗ ಸೊಂಟದ ಆ ಬದಿಯೂ ಮುಂದಕ್ಕೆ ತಿರುಗುವುದರಿಂದ ಹೆಜ್ಜೆ ಉದ್ದವಾಗುತ್ತದೆ. ಮೈ ಊರಿದ ಕಾಲಿನ ಮೇಲೆ ಬಂದಾಗ ಇನ್ನೊಂದು ಬದಿಯ ಸೊಂಟ ಕೆಳಕ್ಕೆ ಇಳಿಯುವುದರಿಂದ ಮೈಯ ಏರಿಳಿತ ತಗ್ಗುತ್ತದೆ, ಕಮಾನು ಚಪ್ಪಟೆಯಾಗುತ್ತದೆ. ಕಮಾನು ಚಪ್ಪಟೆಯಾದಷ್ಟೂ ವೇಗದ ಮಿತಿ ಮೇಲಕ್ಕೆ ಸರಿಯುತ್ತದೆ. ಎರಡು ಪಾದಗಳೂ ಅಕ್ಕಪಕ್ಕದ ಎರಡು ಗೆರೆಗಳ ಮೇಲೆ ಬೀಳದೆ ಒಂದೇ ಗೆರೆಯ ಮೇಲೆ ಬೀಳುವುದೂ ಸೊಂಟದ ಈ ತಿರುವಿನ ಫಲವೇ. ಮಡಿಸಿದ ತೋಳುಗಳು ಚುರುಕಾಗಿ ಬೀಸಿ ಈ ತಿರುವಿಗೆ ಸಮತೋಲ ಕೊಡುತ್ತವೆ. ಒಳ್ಳೆಯ ಪಟು ಒಂದು ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಹೆಜ್ಜೆ ಇಡುತ್ತಾನೆ. ಕೆಳಗೆ ಇಷ್ಟೆಲ್ಲ ಗಡಿಬಿಡಿ ನಡೆದಿದ್ದರೂ ಅವನ ತಲೆ ಮಾತ್ರ ಮೇಲೆ ಕೆಳಗೆ ಆಡದೆ ಒಂದೇ ಎತ್ತರದಲ್ಲಿ ತೇಲಿದಂತೆ ಸಾಗುತ್ತದೆ. ದೇವದುರ್ಗದ ಹಳ್ಳಿಗಳಲ್ಲಿ ತಲೆಯ ಮೇಲೆ ಎರಡು ಕೊಡ ಇಟ್ಟುಕೊಂಡು ಬಿರಬಿರನೆ ನಡೆಯುವ ಹೆಂಗಸರನ್ನು ಗಮನಿಸಿದವರಿಗೆ ಇದು ಹೊಸದಲ್ಲ. ಹನಿ ನೀರು ತುಳುಕದಂತೆ ನಡೆಯುವ ಆಕೆಯ ಸೊಂಟವೂ ಮೈಯ ಏರಿಳಿತವನ್ನು ನುಂಗಿಕೊಳ್ಳುವ ಇದೇ ಕೆಲಸವನ್ನು ಮಾಡುತ್ತಿರುತ್ತದೆ. ಆಕೆಗೆ ಯಾರೂ ಅದನ್ನು ಕಲಿಸಲಿಲ್ಲ. ಯಾರೂ ಅದಕ್ಕಾಗಿ ಪದಕವನ್ನೂ ಕೊಡಲಿಲ್ಲ.

ನಡಿಗೆಯ ಪಂದ್ಯದಲ್ಲಿ ಎದುರಾಳಿಗಿಂತ ದೊಡ್ಡ ಭಯ ತೀರ್ಪುಗಾರರದು. ಪಂದ್ಯ ನಡೆಯುವುದು ಸಾಮಾನ್ಯವಾಗಿ ಒಂದರಿಂದ ಎರಡು ಕಿಲೋಮೀಟರು ಉದ್ದದ ಸಮತಟ್ಟಾದ ರಸ್ತೆಯ ಸುತ್ತಿನಲ್ಲಿ. ಆ ಸುತ್ತಿನ ಬೇರೆ ಬೇರೆ ಕಡೆಗಳಲ್ಲಿ ತೀರ್ಪುಗಾರರು ನಿಂತಿರುತ್ತಾರೆ. ನಡೆಯುವವನು ತಪ್ಪಿನ ಅಂಚಿಗೆ ಬಂದಿದ್ದಾನೆಂದು ಕಂಡರೆ ಹಳದಿ ಹಲಗೆಯನ್ನು ತೋರಿಸಿ ಎಚ್ಚರಿಸುತ್ತಾರೆ. ಹಲಗೆಯ ಮೇಲೆ ಅಲೆಯಂತಹ ಗೆರೆಯಿದ್ದರೆ ಪಾದ ನೆಲ ಬಿಡುತ್ತಿದೆ ಎಂದರ್ಥ. ಬಾಗಿದ ಮಂಡಿಯಂತಹ ಗುರುತಿದ್ದರೆ ಕಾಲು ನೇರವಾಗಿಲ್ಲವೆಂದು ಅರ್ಥ. ತಪ್ಪು ಸ್ಪಷ್ಟವಾಗಿ ಕಂಡರೆ ತೀರ್ಪುಗಾರನು ಕೆಂಪು ಚೀಟಿಯನ್ನು ಮುಖ್ಯ ತೀರ್ಪುಗಾರನಿಗೆ ಕಳುಹಿಸುತ್ತಾನೆ. ಮೂವರು ಬೇರೆ ಬೇರೆ ತೀರ್ಪುಗಾರರಿಂದ ಮೂರು ಕೆಂಪು ಚೀಟಿಗಳು ಬಂದರೆ ಆಟ ಮುಗಿಯಿತು. ಈಚಿನ ವರ್ಷಗಳಲ್ಲಿ ಈ ಕಾಠಿಣ್ಯವನ್ನು ಸ್ವಲ್ಪ ಸಡಿಲಿಸಿ, ಮೂರನೆಯ ಚೀಟಿಗೆ ರಸ್ತೆಯ ಬದಿಯ ಆವರಣವೊಂದರಲ್ಲಿ ದಂಡದ ಕಾಲ ಕಳೆಯುವ ವ್ಯವಸ್ಥೆಯನ್ನು ದೊಡ್ಡ ಸ್ಪರ್ಧೆಗಳಲ್ಲಿ ತಂದಿದ್ದಾರೆ. 20 ಕಿಲೋಮೀಟರಿನ ಪಂದ್ಯದಲ್ಲಾದರೆ ಅದು ಎರಡು ನಿಮಿಷ. ಜೊತೆಗಾರರು ದಾಟಿಹೋಗುವುದನ್ನು ನೋಡುತ್ತ ಕಳೆಯುವ ಎರಡು ನಿಮಿಷ ಚಿಕ್ಕದೇನಲ್ಲ. ನಾಲ್ಕನೆಯ ಚೀಟಿ ಬಂದರೆ ಹೊರಗೆ.

ಈ ನಿಯಮದ ನಿಷ್ಠುರತೆಗೆ 2000ದ ಸಿಡ್ನಿ ಒಲಿಂಪಿಕ್ಸಿಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಪುರುಷರ 20 ಕಿಲೋಮೀಟರಿನಲ್ಲಿ ಮೆಕ್ಸಿಕೋದ ಬರ್ನಾರ್ಡೊ ಸೆಗುರಾ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದರು. ಅವರ ದೇಶದ ಅಧ್ಯಕ್ಷರು ದೂರವಾಣಿಯಲ್ಲಿ ಅವರನ್ನು ಅಭಿನಂದಿಸುತ್ತಿದ್ದರು. ಆ ಹೊತ್ತಿಗೆ ತೀರ್ಪುಗಾರರು ಬಂದು ಮೂರನೆಯ ಚೀಟಿಯ ಸುದ್ದಿಯನ್ನು ತಿಳಿಸಿದರು. ಚಿನ್ನ ಪೋಲೆಂಡಿನ ರಾಬರ್ಟ್ ಕೊರ್ಜೆನಿಯೋವ್‌ಸ್ಕಿಯವರ ಪಾಲಾಯಿತು. ಮಹಿಳೆಯರ ಪಂದ್ಯದಲ್ಲಿ ಆಸ್ಟ್ರೇಲಿಯದ ಜೇನ್ ಸ್ಯಾವಿಲ್ ತಮ್ಮ ಸ್ವಂತ ಊರಿನಲ್ಲಿ, ತಮ್ಮ ಜನರ ಮುಂದೆ ಮುಂದಾಳಾಗಿ ನಡೆದು ಬರುತ್ತಿದ್ದರು. ಕ್ರೀಡಾಂಗಣದೊಳಕ್ಕೆ ಪ್ರವೇಶಿಸುವ ಸುರಂಗದ ಬಾಯಿಯಲ್ಲಿಯೇ ಮುಖ್ಯ ತೀರ್ಪುಗಾರರು ಕೆಂಪು ಹಲಗೆಯನ್ನು ಎತ್ತಿಹಿಡಿದರು. ಒಳಗೆ ಸಾವಿರಾರು ಮಂದಿ ತಮ್ಮ ಹುಡುಗಿಗಾಗಿ ಕಾದು ನಿಂತಿದ್ದರು. ಒಳಗೆ ಬಂದವರು ಚೀನಾದ ವಾಂಗ್ ಲಿಪಿಂಗ್. ಸ್ಯಾವಿಲ್ ಅಲ್ಲಿಗೆ ಕೈಚೆಲ್ಲಲಿಲ್ಲ. ನಾಲ್ಕು ವರ್ಷಗಳ ಬಳಿಕ ಅಥೆನ್ಸಿನಲ್ಲಿ ಅದೇ ಪಂದ್ಯದಲ್ಲಿ ಕಂಚಿನ ಪದಕವನ್ನು ಪಡೆದರು.

ವೇಗನಡಿಗೆಯನ್ನು ಟೀಕಿಸುವವರ ವಾದದಲ್ಲಿ ಹುರುಳಿಲ್ಲವೆಂದು ತಳ್ಳಿಹಾಕುವಂತಿಲ್ಲ. ಶೀಘ್ರಚಿತ್ರಗಳನ್ನು ತೆಗೆಯುವ ಕ್ಯಾಮರಾದಿಂದ ನೋಡಿದರೆ, ಶ್ರೇಷ್ಠ ಪಟುಗಳಲ್ಲಿ ಹಲವರ ಎರಡೂ ಪಾದಗಳು ಪ್ರತಿ ಹೆಜ್ಜೆಗೂ ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು ಕಾಲ ನೆಲವನ್ನು ಬಿಟ್ಟಿರುವುದು ಕಾಣುತ್ತದೆ. ಅಷ್ಟು ಸಣ್ಣ ಅವಧಿಯನ್ನು ಕಣ್ಣು ಹಿಡಿಯಲಾರದು. ನಿಯಮವೂ ಕಣ್ಣನ್ನೇ ಪ್ರಮಾಣವಾಗಿ ಇಟ್ಟುಕೊಂಡಿದೆ. ಕ್ಯಾಮರಾದ ಸಾಕ್ಷಿಯನ್ನು ಅದು ಒಪ್ಪುವುದಿಲ್ಲ. ಕಾಣದ ತಪ್ಪು ತಪ್ಪಲ್ಲವೇ ಎಂದು ಕೇಳುವವರಿಗೆ ಉತ್ತರ ಹೇಳುವುದು ಸುಲಭವಲ್ಲ. ಆದರೆ ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದಲೂ ನೋಡಬಹುದು. ಹೆಜ್ಜೆ ಹೆಜ್ಜೆಗೂ ಮೈ ಓಡು ಎನ್ನುತ್ತಿರುತ್ತದೆ. ಓಡಲು ಶಕ್ತಿಯಿದೆ, ಓಡಿದರೆ ದಣಿವೂ ಕಡಮೆ. ಹಾಗಿದ್ದೂ ಒಂದೂವರೆ ಗಂಟೆ, ಮೂರೂವರೆ ಗಂಟೆ ಕಾಲ ಆ ಸೆಳೆತವನ್ನು ತಡೆಹಿಡಿದು ನಡಿಗೆಯಾಗಿಯೇ ಉಳಿಯುವುದು ಈ ಕ್ರೀಡೆಯ ತಿರುಳು. ಓಡಲಾರದವರು ನಡೆಯುತ್ತಾರೆ ಎಂಬ ಮೂದಲಿಕೆ ಸುಳ್ಳಾಗುವುದು ಇಲ್ಲಿಯೇ. ಯೊಹಾನ್ ದಿನಿಜ್ 2016ರ ರಿಯೊ ಒಲಿಂಪಿಕ್ಸಿನ 50 ಕಿಲೋಮೀಟರಿನಲ್ಲಿ ಮುಂಚೂಣಿಯಲ್ಲಿದ್ದಾಗ ಹೊಟ್ಟೆಯ ಬಾಧೆಯಿಂದ ಕಂಗೆಟ್ಟು ರಸ್ತೆಯ ಮೇಲೆ ಕುಸಿದು ಬಿದ್ದರು. ಎದ್ದು ಮತ್ತೆ ನಡೆದು ಎಂಟನೆಯವರಾಗಿ ಪಂದ್ಯವನ್ನು ಪೂರೈಸಿದರು. ಅದನ್ನು ಕಂಡವರು ನಗಲಿಲ್ಲ.

ಈ ಕ್ರೀಡೆಯ ಮೂಲ ಪಣದ ಆಟದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ದೂರದೂರ ನಡೆಯುವವರ ಮೇಲೆ ಸಿರಿವಂತರು ಹಣ ಕಟ್ಟುತ್ತಿದ್ದರು. 1809ರಲ್ಲಿ ಕ್ಯಾಪ್ಟನ್ ಬಾರ್ಕ್ಲೇ ಎಂಬುವರು ನ್ಯೂಮಾರ್ಕೆಟ್ ಎಂಬಲ್ಲಿ ಸಾವಿರ ಗಂಟೆಗಳ ಕಾಲ, ಒಂದು ಗಂಟೆಯನ್ನೂ ಬಿಡದೆ, ಗಂಟೆಗೆ ಒಂದು ಮೈಲಿಯಂತೆ ಸಾವಿರ ಮೈಲಿ ನಡೆದು ಸಾವಿರ ಗಿನಿಗಳ ಪಣವನ್ನು ಗೆದ್ದರು. ಒಟ್ಟು ಸುಮಾರು 42 ದಿನ. ಆ ದಿನಗಳಲ್ಲಿ ಒಂದು ರಾತ್ರಿಯೂ ಪೂರ್ತಿ ನಿದ್ರೆಯಿಲ್ಲ. ಮುಂದೆ ಪಣ ಹಿಂದೆ ಸರಿದು ನಿಯಮ ಮುಂದೆ ಬಂದಿತು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ನಡಿಗೆಯ ಎರಡು ಪಂದ್ಯಗಳಿದ್ದವು. ಎರಡನ್ನೂ ಗೆದ್ದವರು ಜಾರ್ಜ್ ಲಾರ್ನರ್ ಎಂಬ ಪೊಲೀಸಿನವರು. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ನಡಿಗೆಗೆ ಸ್ಥಾನವೇ ಸಿಗಲಿಲ್ಲ. 1932ರಲ್ಲಿ ಲಾಸ್ ಏಂಜಲಿಸ್‌ನಲ್ಲಿ 50 ಕಿಲೋಮೀಟರಿನ ಪಂದ್ಯವನ್ನು ಮೊದಲ ಬಾರಿಗೆ ಸೇರಿಸಿದಾಗ ಅದನ್ನು ಗೆದ್ದವರು ಬ್ರಿಟನ್ನಿನ ಟಾಮಿ ಗ್ರೀನ್. ಎಳವೆಯಲ್ಲಿ ಎಲುಬಿನ ರೋಗದಿಂದಾಗಿ ಐದು ವರ್ಷದವರೆಗೆ ಅವರಿಗೆ ನಡೆಯಲೇ ಬಂದಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲಕ್ಕೆ ಸಿಕ್ಕಿ ಬದುಕಿದವರು. ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರು. ಚಿನ್ನ ಗೆದ್ದಾಗ ಅವರ ವಯಸ್ಸು 38. 1956ರಲ್ಲಿ 20 ಕಿಲೋಮೀಟರಿನ ಪಂದ್ಯ ಬಂದಿತು. ಮಹಿಳೆಯರಿಗೆ ಒಲಿಂಪಿಕ್ ನಡಿಗೆಯ ಬಾಗಿಲು ತೆರೆದದ್ದು ಮಾತ್ರ 1992ರಲ್ಲಿ, ಬಾರ್ಸಿಲೋನಾದಲ್ಲಿ. ಪುರುಷರ 50 ಕಿಲೋಮೀಟರಿನ ಪಂದ್ಯ 2021ರಲ್ಲಿ ಜಪಾನಿನಲ್ಲಿ ಕೊನೆಯ ಬಾರಿ ನಡೆಯಿತು. ಸ್ತ್ರೀಪುರುಷರಿಗೆ ಸಮಾನ ಸಂಖ್ಯೆಯ ಪಂದ್ಯಗಳಿರಬೇಕೆಂಬ ಉದ್ದೇಶದಿಂದ ಅದನ್ನು ಕೈಬಿಡಲಾಯಿತು.

ಭಾರತಕ್ಕೂ ವೇಗನಡಿಗೆಗೂ ನಂಟು ಹಳೆಯದು. 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ 10,000 ಮೀಟರು ನಡಿಗೆಯಲ್ಲಿ ಮಹಾವೀರ ಪ್ರಸಾದ್, 50 ಕಿಲೋಮೀಟರಿನಲ್ಲಿ ಭಕ್ತಾವರ್ ಸಿಂಗ್ ಚಿನ್ನ ಗೆದ್ದರು. 1978ರಲ್ಲಿ ಬ್ಯಾಂಕಾಕಿನಲ್ಲಿ ಹಾಕಂ ಸಿಂಗ್, 1982ರಲ್ಲಿ ಮತ್ತೆ ದೆಹಲಿಯಲ್ಲಿ ಚಾಂದ್ ರಾಮ್ 20 ಕಿಲೋಮೀಟರಿನ ಚಿನ್ನವನ್ನು ತಂದರು. ಚಾಂದ್ ರಾಮರ ಕಾಲ 1 ಗಂಟೆ 29 ನಿಮಿಷ 29 ಸೆಕೆಂಡು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕೇರಳದ ಕೆ. ಟಿ. ಇರ್ಫಾನ್ 1 ಗಂಟೆ 20 ನಿಮಿಷ 21 ಸೆಕೆಂಡುಗಳಲ್ಲಿ ನಡೆದು ಹತ್ತನೆಯವರಾದರು. 2023ರಲ್ಲಿ ರಾಂಚಿಯಲ್ಲಿ ಪಂಜಾಬಿನ ಅಕ್ಷದೀಪ್ ಸಿಂಗ್ ಒಂದು ಗಂಟೆ ಇಪ್ಪತ್ತು ನಿಮಿಷಗಳ ಗೆರೆಯನ್ನು ದಾಟಿದರು. ನಲವತ್ತು ವರ್ಷಗಳಲ್ಲಿ ಗಳಿಸಿದ್ದು ಒಂಬತ್ತೂವರೆ ನಿಮಿಷ. ಇದರ ಹಿಂದೆ ಎಷ್ಟು ಮಂದಿಯ ಬೆವರಿದೆಯೋ ಪತ್ರಿಕೆಗಳಲ್ಲಿ ಅದು ಬರಲಿಲ್ಲ. ಕ್ರಿಕೆಟ್ ಪಂದ್ಯದ ಒಂದು ಓವರಿಗೆ ಸಿಗುವಷ್ಟು ಜಾಗವೂ ಇವರಿಗೆ ಸಿಗುವುದಿಲ್ಲ.

ಇವರಲ್ಲಿ ಉತ್ತರಪ್ರದೇಶದ ಸೋನ್‌ಭದ್ರ ಜಿಲ್ಲೆಯ ರಾಮ್ ಬಾಬು ಅವರ ಕಥೆಯನ್ನು ರಾಯಚೂರಿನವರು ವಿಶೇಷವಾಗಿ ಗಮನಿಸಬೇಕು. ಬಡ ಕೂಲಿಕಾರರ ಮನೆಯಲ್ಲಿ ಹುಟ್ಟಿದ ಅವರು ಹೊಟ್ಟೆಪಾಡಿಗಾಗಿ ವಾರಾಣಸಿಯ ಹೋಟೆಲೊಂದರಲ್ಲಿ ಮಾಣಿಯಾಗಿ ದುಡಿದರು. 2020ರಲ್ಲಿ ಸಾಂಕ್ರಾಮಿಕ ರೋಗ ಹಬ್ಬಿ ಎಲ್ಲ ಬಾಗಿಲುಗಳೂ ಮುಚ್ಚಿದಾಗ ತಂದೆಯ ಜೊತೆಗೆ ಉದ್ಯೋಗ ಖಾತರಿ ಯೋಜನೆಯ ಕೆಲಸದಲ್ಲಿ ಮಣ್ಣು ಅಗೆದರು. ಮೊದಲು ದೂರದ ಓಟದಲ್ಲಿ ಪ್ರಯತ್ನಿಸಿದವರು ಮಂಡಿನೋವಿನಿಂದಾಗಿ ನಡಿಗೆಗೆ ಬಂದರು. 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ 35 ಕಿಲೋಮೀಟರನ್ನು 2 ಗಂಟೆ 36 ನಿಮಿಷ 34 ಸೆಕೆಂಡುಗಳಲ್ಲಿ ನಡೆದು ರಾಷ್ಟ್ರೀಯ ದಾಖಲೆಯನ್ನು ಸ್ಥಾಪಿಸಿದರು. ಮರುವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಮಂಜುರಾಣಿಯವರೊಡನೆ ಮಿಶ್ರ ತಂಡದ ಕಂಚನ್ನು ಗೆದ್ದರು. 2006ರಲ್ಲಿ ಆ ಉದ್ಯೋಗ ಖಾತರಿ ಯೋಜನೆ ಮೊದಲ ಹಂತದಲ್ಲಿ ಜಾರಿಗೆ ಬಂದ ಕರ್ನಾಟಕದ ಜಿಲ್ಲೆಗಳಲ್ಲಿ ರಾಯಚೂರೂ ಒಂದಾಗಿತ್ತು. ಗುದ್ದಲಿ ಹಿಡಿದ ಕೈ, ಮೈಲಿಗಟ್ಟಲೆ ನಡೆದ ಕಾಲು ದೇವದುರ್ಗದಲ್ಲಿಯೂ ಮಾನ್ವಿಯಲ್ಲಿಯೂ ಬೇಕಾದಷ್ಟಿವೆ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹುಡುಗನೊಬ್ಬ ಈ ಭಂಗಿಯಲ್ಲಿ ರಸ್ತೆಗೆ ಇಳಿದರೆ ಅಣಕಿಸುವ ಹುಡುಗರ ಹಿಂಡೊಂದು ಬೆನ್ನು ಹತ್ತಬಹುದು. ನಾಲ್ಕು ದಿನಗಳಲ್ಲಿ ಅದಕ್ಕೂ ಬೇಸರ ಬರುತ್ತದೆ. ಹುಡುಗಿಗೆ ಹಾಗಲ್ಲ. ಸೊಂಟ ತಿರುಗಿಸಿ ನಡೆಯುವ ಹುಡುಗಿಯ ಬಗೆಗೆ ಕಟ್ಟೆಯ ಮೇಲೆ ಕುಳಿತವರು ಆಡುವ ಮಾತು ಮನೆಯವರೆಗೆ ಬರುತ್ತದೆ. ಮನೆಯವರು ನಾಳೆಯಿಂದ ಬೇಡವೆನ್ನುತ್ತಾರೆ. ಆಟ ಅಲ್ಲಿಗೆ ನಿಲ್ಲುತ್ತದೆ. ಆ ತಿರುವು ನಿಯಮದಿಂದ ಹುಟ್ಟಿದ್ದು, ಮಂಡಿ ಬಾಗಬಾರದೆಂಬುದರ ನೇರ ಪರಿಣಾಮ ಅದು ಎಂದು ಕಟ್ಟೆಯ ಮೇಲಿನವರಿಗೆ ಯಾರೂ ತಿಳಿಸಿಲ್ಲ. ಪಂಜಾಬಿನ ಖುಷ್‌ಬೀರ್ ಕೌರ್ 2014ರಲ್ಲಿ ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, ಏಷ್ಯನ್ ಕೂಟದ ನಡಿಗೆಯಲ್ಲಿ ಪದಕ ಪಡೆದ ಮೊದಲ ಭಾರತೀಯ ಮಹಿಳೆಯಾದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ 10,000 ಮೀಟರು ನಡಿಗೆಯಲ್ಲಿ ಬೆಳ್ಳಿ ಪಡೆದ ಉತ್ತರಪ್ರದೇಶದ ಪ್ರಿಯಾಂಕಾ ಗೋಸ್ವಾಮಿ ರೈಲ್ವೆಯ ಉದ್ಯೋಗಿ. ಸೈನ್ಯ, ರೈಲ್ವೆ, ಪೊಲೀಸು ಮೊದಲಾದ ಇಲಾಖೆಗಳಲ್ಲಿ ಕ್ರೀಡಾಪಟುಗಳಿಗೆ ಇರುವ ಅವಕಾಶ ನಡಿಗೆಯವರಿಗೂ ಉಂಟು. ಮಾತಿಗಿಂತ ಸಂಬಳದ ಚೀಟಿ ಹೆಚ್ಚು ಜನರ ಬಾಯಿ ಮುಚ್ಚಿಸಿದೆ ಎಂಬುದು ಅನುಭವಕ್ಕೆ ಬಂದ ಸಂಗತಿ.

ರಾಯಚೂರಿನ ನೆಲ ನಡಿಗೆಗೆ ಅನುಕೂಲವಾದುದು. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯ ಸೀಮೆಯಲ್ಲಿ, ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗದ ಸೀಮೆಯಲ್ಲಿ ಸಮತಟ್ಟಾದ ದಾರಿಗಳಿಗೆ ಬರವಿಲ್ಲ. ಪ್ರತಿಕೂಲವೆಂದರೆ ಬಿಸಿಲು. ಬೇಸಿಗೆಯಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿಯನ್ನು ಮೀರುತ್ತದೆ. ಬಿಸಿಲಿನೆದುರು ವಿಶ್ವಚಾಂಪಿಯನ್ನರೂ ತಲೆಬಾಗಬೇಕಾಗುತ್ತದೆ. 2019ರಲ್ಲಿ ಕತಾರಿನ ದೋಹಾದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಸೆಕೆಗೆ ಅಂಜಿ 50 ಕಿಲೋಮೀಟರಿನ ಪಂದ್ಯವನ್ನು ರಾತ್ರಿ ಹನ್ನೊಂದೂವರೆಗೆ ಆರಂಭಿಸಿದರು. ಆದರೂ ಹಲವರು ನಡುದಾರಿಯಲ್ಲಿಯೇ ನಿಂತರು. ಗೆದ್ದ ಜಪಾನಿನ ಯುಸುಕೆ ಸುಜುಕಿಯವರಿಗೆ 4 ಗಂಟೆ 4 ನಿಮಿಷ 20 ಸೆಕೆಂಡು ಹಿಡಿಯಿತು. ಟೋಕಿಯೊ ಒಲಿಂಪಿಕ್ಸಿನ ನಡಿಗೆಯ ಪಂದ್ಯಗಳನ್ನು ಇದೇ ಕಾರಣದಿಂದ ಉತ್ತರದ ತಂಪು ನಗರವಾದ ಸಪ್ಪೊರೊಗೆ ಸಾಗಿಸಿದರು. ಶ್ರೀಶೈಲದ ಯಾತ್ರಿಕರು ಇದನ್ನು ಯಾವ ಸಂಶೋಧಕರಿಂದಲೂ ಕಲಿಯಲಿಲ್ಲ. ಅವರು ಬಿಸಿಲೇರುವ ಮುಂಚೆ ನಡೆದು, ನಡುಹಗಲು ನೆರಳಿನಲ್ಲಿದ್ದು, ಹೊತ್ತು ಇಳಿದ ಮೇಲೆ ಮತ್ತೆ ಹೊರಡುತ್ತಾರೆ. ಅಭ್ಯಾಸಕ್ಕೆ ತಕ್ಕ ಹೊತ್ತು ಇಲ್ಲಿ ಸೂರ್ಯೋದಯಕ್ಕೆ ಮೊದಲಿನ ಒಂದು ಗಂಟೆ.

ಶಾಲಾ ಕ್ರೀಡಾಕೂಟಗಳಲ್ಲಿ ನಡಿಗೆಯ ಪಂದ್ಯ ಇದೆ. ಸಾಮಾನ್ಯವಾಗಿ ಬಾಲಕರಿಗೆ 5,000 ಮೀಟರು, ಬಾಲಕಿಯರಿಗೆ 3,000 ಮೀಟರು. ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ಕೂಟಗಳಲ್ಲಿ ಓಟದ ಪಂದ್ಯಗಳಿಗೆ ಹೆಸರು ಕೊಡುವವರು ಹೆಚ್ಚು, ನಡಿಗೆಗೆ ಕಡಮೆ. ಹೊಸಬರಿಗೆ ಇದು ಲಾಭವೇ. ಅಭ್ಯಾಸಕ್ಕೆ ಬೇಕಾದುದು ತೆಳು ಅಟ್ಟೆಯ ಒಂದು ಜೊತೆ ಬೂಟು, ಮೈದಾನದಲ್ಲಿ ಸುಣ್ಣದಿಂದ ಎಳೆದ ಒಂದು ನೇರವಾದ ಗೆರೆ, ತಪ್ಪನ್ನು ತೋರಿಸಬಲ್ಲ ಒಬ್ಬ ಜೊತೆಗಾರ, ಇಷ್ಟೇ. ಮೊದಲು ವೇಗದ ಗೊಡವೆಯೇ ಬೇಡ. ಗೆರೆಯ ಮೇಲೆ ಹಿಮ್ಮಡಿಯನ್ನು ಊರಿ, ಮಂಡಿಯನ್ನು ಬಿಗಿಯಾಗಿ ನೇರವಾಗಿಟ್ಟು, ಪಾದವನ್ನು ಹಿಮ್ಮಡಿಯಿಂದ ಬೆರಳಿನವರೆಗೆ ಉರುಳಿಸುತ್ತ ನಿಧಾನವಾಗಿ ನೂರು ಮೀಟರು ನಡೆಯಬೇಕು. ಜೊತೆಗಾರನು ಬದಿಯಲ್ಲಿ ನಿಂತು ಮಂಡಿಯನ್ನೇ ನೋಡುತ್ತಿರಬೇಕು. ಮಂಡಿ ಬಾಗಿದ ಕೂಡಲೇ ನಿಂತು ಮೊದಲಿನಿಂದ ಹೊರಡಬೇಕು. ಮೊದಲ ಕೆಲವು ವಾರಗಳಲ್ಲಿ ನೋವು ಕಾಣಿಸಿಕೊಳ್ಳುವುದು, ಹಲವರು ಎಣಿಸುವಂತೆ ತೊಡೆಯಲ್ಲಿ ಅಲ್ಲ, ಮಂಡಿಯ ಕೆಳಗೆ ಕಾಲಿನ ಮುಂಬದಿಯಲ್ಲಿ. ಪ್ರತಿ ಹೆಜ್ಜೆಗೂ ಬೆರಳುಗಳನ್ನು ಮೇಲಕ್ಕೆತ್ತಿ ಹಿಡಿಯುವ ಆ ಸ್ನಾಯು ದಿನದ ನಡಿಗೆಯಲ್ಲಿ ಇಷ್ಟು ದುಡಿದಿರುವುದಿಲ್ಲ. ಅದು ಪಳಗಿದ ಮೇಲೆ ಸೊಂಟ ತಾನಾಗಿಯೇ ತಿರುಗತೊಡಗುತ್ತದೆ. ವೇಗ ಅದರ ಹಿಂದೆ ಬರುತ್ತದೆ.